ವಿಮೆಯ ಕಂತು ಏರಿದಾಗ ಏನನ್ನು ಕತ್ತರಿಸಬಹುದು, ಏನನ್ನು ಮುಟ್ಟಬಾರದು

ಮನೆ ವಿಮೆಯ ನವೀಕರಣದ ಪತ್ರ ಬಂದ ದಿನ ಹೋದ ವರ್ಷದ ಪತ್ರವನ್ನೂ ಹುಡುಕಿ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಮನೆ ಅದೇ, ಚಾವಣಿ ಅದೇ. ಒಂದೇ ಒಂದು ಕ್ಲೇಮ್ ಮಾಡಿರಲಿಲ್ಲ. ಆದರೂ ಪ್ರೀಮಿಯಂ ಸುಮಾರು ಐದನೇ ಒಂದು ಭಾಗದಷ್ಟು ಜಾಸ್ತಿಯಾಗಿತ್ತು. ಮುಂದಿನ ತಿಂಗಳು ಕಾರಿನ ಪತ್ರ ಬಂತು, ಅಲ್ಲೂ ಅದೇ ಕಥೆ. ತಪ್ಪು ಮಾಡದೆ ದಂಡ ಕಟ್ಟಿದ ಹಾಗಾಯಿತು. ಆ ಸಿಟ್ಟಿನಲ್ಲೇ ವಿಮಾ ಮೊತ್ತವನ್ನು, ಅಂದರೆ ನಷ್ಟವಾದರೆ ಕಂಪನಿ ಕೊಡುವ ಗರಿಷ್ಠ ಹಣವನ್ನು, ಇಳಿಸಿಬಿಡೋಣ ಅಂತ ಫಾರಂ ತುಂಬಲು ಕೂತಿದ್ದೆ. ಕಳಿಸುವ ಮುಂಚೆ ಪಾಲಿಸಿಯ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿದೆ. ಓದಿದ್ದು ಒಳ್ಳೆಯದಾಯಿತು. ಆ ಫಾರಂ ಹರಿದು ಹಾಕಿದೆ.

ಆಗಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಯಾಕೆಂದರೆ ಕಂತು ಏರಿದ ಕೂಡಲೇ ತುಂಬ ಜನ ನಾನು ಮಾಡಲು ಹೊರಟಿದ್ದನ್ನೇ ಮಾಡುತ್ತಾರೆ. ಸಣ್ಣಪುಟ್ಟ ಸೌಲಭ್ಯಗಳನ್ನು ಹಾಗೇ ಇಟ್ಟುಕೊಂಡು, ದೊಡ್ಡ ಆಪತ್ತಿಗೆ ಇರುವ ರಕ್ಷಣೆಯನ್ನೇ ಕಡಿಮೆ ಮಾಡುತ್ತಾರೆ. ನಿಜವಾಗಿ ಮಾಡಬೇಕಾದ್ದು ಇದರ ಉಲ್ಟಾ. ಸಣ್ಣ ನಷ್ಟವನ್ನು ನಾವು ಹೊರಬೇಕು, ದೊಡ್ಡದನ್ನು ವಿಮೆಗೆ ಬಿಡಬೇಕು. ಅದು ಯಾಕೆ ಅನ್ನುವುದು ತಿಳಿಯಬೇಕಾದರೆ, ಮೊದಲು ಕಂತು ಎಲ್ಲಿಂದ ಬರುತ್ತದೆ ಅಂತ ನೋಡಬೇಕು.

ನಾವು ಕ್ಲೇಮ್ ಮಾಡದಿದ್ದರೂ ಯಾಕೆ ಏರುತ್ತದೆ

ಲೆಕ್ಕ ಸುಲಭವಾಗಲಿ ಅಂತ 100 ಮನೆಗಳನ್ನು ತೆಗೆದುಕೊಳ್ಳಿ. ವರ್ಷಕ್ಕೆ ಅದರಲ್ಲಿ ಒಂದು ಮನೆಗೆ ದೊಡ್ಡ ಹಾನಿಯಾಗುತ್ತದೆ ಅಂದುಕೊಳ್ಳೋಣ. ರಿಪೇರಿಗೆ 100 ನಾಣ್ಯ ಬೇಕು. ಪ್ರತಿ ಮನೆಯವರು 1 ನಾಣ್ಯ ಹಾಕಿದರೆ ಸಾಕು. ಅದರ ಮೇಲೆ ಕಂಪನಿಯ ಖರ್ಚು, ಕೆಟ್ಟ ವರ್ಷಕ್ಕೆ ಎತ್ತಿಡುವ ಹಣ ಮತ್ತು ಲಾಭ ಸೇರುತ್ತವೆ. ಈಗ ಸಿಮೆಂಟು, ಮರ, ಕೂಲಿ ಎಲ್ಲ ತುಟ್ಟಿಯಾಗಿ ಅದೇ ರಿಪೇರಿಗೆ 130 ನಾಣ್ಯ ಬೇಕಾಯಿತು. ಹಾನಿಯಾದ ಮನೆಗಳ ಸಂಖ್ಯೆ ಏರಿಲ್ಲ, ನಿಮ್ಮ ಮನೆಗೆ ಏನೂ ಆಗಿಲ್ಲ. ಆದರೂ ನಿಮ್ಮ ಪಾಲು 1.3 ಆಯಿತು. ಪ್ರೀಮಿಯಂ ಅನ್ನುವುದು ನಮ್ಮ ನಡತೆಗೆ ಕೊಡುವ ಅಂಕ ಅಲ್ಲ. ಅದು ಇಡೀ ಗುಂಪಿಗೆ ಮುಂದಿನ ವರ್ಷ ಬರಬಹುದಾದ ಖರ್ಚಿನಲ್ಲಿ ನಮ್ಮ ಪಾಲು.

ಆ ಪಾಲು ಎಲ್ಲರಿಗೂ ಒಂದೇ ಅಲ್ಲ. ಇದು ಮೊದಲಿನಿಂದಲೂ ಹೀಗೇ. 1666ರಲ್ಲಿ ಲಂಡನ್ ನಗರ ಹೊತ್ತಿ ಉರಿದು 13,000ಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಅದಾದ ಮೇಲೆ 1680ರ ಹೊತ್ತಿಗೆ ನಿಕೋಲಸ್ ಬಾರ್ಬನ್ ಎಂಬಾತ ಅಲ್ಲಿ ಬೆಂಕಿ ವಿಮೆಯ ಕಚೇರಿ ತೆರೆದ. ಇಟ್ಟಿಗೆ ಮನೆಗೆ ಒಂದು ದರ, ಮರದ ಮನೆಗೆ ಅದರ ಎರಡರಷ್ಟು. ಯಾರ ಮನೆ ಬೇಗ ಹೊತ್ತಿಕೊಳ್ಳುತ್ತದೋ ಅವರು ಜಾಸ್ತಿ ಕೊಡಬೇಕು. ಇವತ್ತು ಕಂಪ್ಯೂಟರು, ಉಪಗ್ರಹ ಚಿತ್ರ ಎಲ್ಲ ಬಂದಿದ್ದರೂ ಒಳಗಿನ ಲೆಕ್ಕ ಅದೇ.

ಒಂದು ಗಾಜಿನ ಕಥೆ

ಕಾರಿನ ವಿಮೆ ಯಾಕೆ ಏರುತ್ತಿದೆ ಅನ್ನುವುದು ನನಗೆ ಅರ್ಥವಾಗಿದ್ದು ಒಂದು ಗ್ಯಾರೇಜಿನಲ್ಲಿ. ಸ್ನೇಹಿತನ ಕಾರಿನ ಮುಂದಿನ ಗಾಜಿಗೆ ಕಲ್ಲು ಬಿದ್ದು ಸೀಳು ಬಂದಿತ್ತು. ಹಿಂದೆಲ್ಲ ಇದು ಒಂದೆರಡು ಗಂಟೆಯ ಕೆಲಸ. ಹಳೇ ಗಾಜು ಕಿತ್ತು, ಅಂಟು ಹಚ್ಚಿ, ಹೊಸದು ಕೂರಿಸಿದರೆ ಮುಗಿಯಿತು. ಈ ಸಲ ಗಾಜು ಕೂರಿಸಿದ ಮೇಲೆ ನಿಜವಾದ ಕೆಲಸ ಶುರುವಾಯಿತು. ಒಳಗಿನ ಕನ್ನಡಿಯ ಹಿಂದೆ, ಗಾಜಿಗೆ ಅಂಟಿಕೊಂಡ ಹಾಗೆ, ಒಂದು ಪುಟ್ಟ ಕ್ಯಾಮೆರಾ ಇದೆ. ರಸ್ತೆಯ ಗೆರೆ ನೋಡುವುದು, ಮುಂದೆ ಯಾರಾದರೂ ಅಡ್ಡ ಬಂದರೆ ತಾನೇ ಬ್ರೇಕ್ ಹಾಕಿಸುವುದು ಅದರ ಕೆಲಸ. ಗಾಜು ಬದಲಾದರೆ ಅದರ ನೋಟ ಕೂದಲೆಳೆಯಷ್ಟು ತಿರುಗಬಹುದು. ಹತ್ತಿರದಲ್ಲಿ ಕೂದಲೆಳೆ ಇದ್ದದ್ದು 50 ಮೀಟರ್ ದೂರದಲ್ಲಿ ದೊಡ್ಡ ವ್ಯತ್ಯಾಸವಾಗುತ್ತದೆ.

ಅದಕ್ಕೆ ಕಾರನ್ನು ಸಮತಟ್ಟು ನೆಲದ ಮೇಲೆ ನಿಲ್ಲಿಸಿದರು. ಚಕ್ರದ ಗಾಳಿ ಸರಿ ಮಾಡಿದರು. ಕಪ್ಪು ಬಿಳುಪು ಚೌಕಗಳಿದ್ದ ಒಂದು ದೊಡ್ಡ ಫಲಕವನ್ನು ಕಾರಿನ ಮುಂದೆ ಅಳತೆ ಹಿಡಿದು ನಿಲ್ಲಿಸಿದರು. ಮೆಕ್ಯಾನಿಕ್ ಮಂಡಿಯೂರಿ ಕೂತು ಫಲಕದ ಎರಡೂ ತುದಿಯಿಂದ ಕಾರಿಗೆ ಇರುವ ದೂರವನ್ನು ಎರಡೆರಡು ಸಲ ಅಳೆದ. ಆಮೇಲೆ ಕಂಪ್ಯೂಟರ್ ಜೋಡಿಸಿ ಕ್ಯಾಮೆರಾಕ್ಕೆ ಮತ್ತೆ ನೇರ ನೋಡಲು ಕಲಿಸಿದರು. ಇದಕ್ಕೆ ಕ್ಯಾಲಿಬ್ರೇಶನ್ ಅನ್ನುತ್ತಾರೆ. ಒಂದು ಕಲ್ಲಿನ ಏಟಿಗೆ ಇಷ್ಟು ಕೆಲಸ. ಬಂಪರಿನ ಒಳಗೆ ಸೆನ್ಸರು, ಪಕ್ಕದ ಕನ್ನಡಿಯಲ್ಲಿ ಕ್ಯಾಮೆರಾ, ದೀಪದಲ್ಲಿ ಎಲೆಕ್ಟ್ರಾನಿಕ್ಸ್. ಈ ಸಾಧನಗಳು ಅಪಘಾತ ತಪ್ಪಿಸುತ್ತವೆ, ಜೀವ ಉಳಿಸುತ್ತವೆ. ಅದರಲ್ಲಿ ಅನುಮಾನ ಇಲ್ಲ. ಆದರೆ ತಪ್ಪಿಸಲಾಗದ ಸಣ್ಣ ಡಿಕ್ಕಿಯ ಬಿಲ್ಲು ಮಾತ್ರ ತುಂಬ ಏರಿದೆ.

ಇದರ ಜೊತೆ 2021ರಲ್ಲಿ ಕಾರಿಗೆ ಬೇಕಾದ ಎಲೆಕ್ಟ್ರಾನಿಕ್ ಚಿಪ್‌ಗಳ ಕೊರತೆ ಸೇರಿತು. ಹೊಸ ಕಾರು ಸಿಗದೆ ಹಳೇ ಕಾರಿನ ಬೆಲೆ ಏರಿತು. ಪೂರ್ತಿ ಜಖಂ ಆದ ಅಥವಾ ಕಳುವಾದ ಕಾರಿಗೆ ಸಾಮಾನ್ಯವಾಗಿ ಮಾರುಕಟ್ಟೆ ಬೆಲೆ ನೋಡಿ ಪರಿಹಾರ ಕೊಡುತ್ತಾರೆ. ಹಾಗಾಗಿ ಅದೂ ಏರಿತು. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿಗೆ ಪೆಟ್ಟು ಬಿದ್ದರೆ ಕೆಲವೊಮ್ಮೆ ರಿಪೇರಿಗಿಂತ ಕಾರನ್ನೇ ಗುಜರಿಗೆ ಹಾಕುವುದು ಅಗ್ಗ. ಆಸ್ಪತ್ರೆ ಖರ್ಚು, ಕೋರ್ಟಿನ ಪರಿಹಾರ ಇವೂ ಅದೇ ಗಂಟಿನಿಂದಲೇ ಹೋಗಬೇಕು.

ವಿಮಾ ಕಂಪನಿಗೂ ಒಂದು ವಿಮೆ ಇದೆ

ಮನೆ ವಿಮೆಯಲ್ಲಿ ಇನ್ನೊಂದು ಪದರ ಇದೆ. ಅದನ್ನು ನಾವ್ಯಾರೂ ನೋಡುವುದಿಲ್ಲ. ಸ್ವಿಟ್ಜರ್ಲೆಂಡಿನ ಗ್ಲಾರುಸ್ ಪಟ್ಟಣ 1861ರಲ್ಲಿ ಬೆಂಕಿಗೆ ಬಲಿಯಾಯಿತು. ಅಲ್ಲಿ ವಿಮೆ ಕೊಟ್ಟವರ ಬಳಿ ಪರಿಹಾರಕ್ಕೆ ಬೇಕಾದಷ್ಟು ಹಣ ಇರಲಿಲ್ಲ. ಒಂದೇ ಊರಿನ ಮನೆಗಳಿಗೆಲ್ಲ ವಿಮೆ ಕೊಟ್ಟವನು ಆ ಊರಿಗೇ ಬೆಂಕಿ ಬಿದ್ದರೆ ಮುಳುಗುತ್ತಾನೆ ಅನ್ನುವ ಪಾಠ ಅದು. 1863ರಲ್ಲಿ ಅದೇ ದೇಶದ ಜ್ಯೂರಿಕ್‌ನಲ್ಲಿ ಸ್ವಿಸ್ ರೀ ಹುಟ್ಟಿತು. ವಿಮಾ ಕಂಪನಿಗಳಿಗೆ ವಿಮೆ ಕೊಡುವ ಕಂಪನಿ ಅದು. ಈ ವ್ಯವಸ್ಥೆಗೆ ಮರುವಿಮೆ ಅನ್ನುತ್ತಾರೆ.

1992ರ ಆಗಸ್ಟಿನಲ್ಲಿ ಆಂಡ್ರೂ ಚಂಡಮಾರುತ ಅಮೆರಿಕದ ಫ್ಲೋರಿಡಾಕ್ಕೆ ಅಪ್ಪಳಿಸಿ ಹಲವು ವಿಮಾ ಕಂಪನಿಗಳನ್ನು ದಿವಾಳಿ ಮಾಡಿತು. ಹಳೇ ಅನುಭವ ನೋಡಿ ಅಂದಾಜು ಮಾಡಿದರೆ ಸಾಲದು ಅಂತ ಗೊತ್ತಾಗಿ, ಸಾವಿರಾರು ಕಾಲ್ಪನಿಕ ಚಂಡಮಾರುತಗಳನ್ನು ಕಂಪ್ಯೂಟರಿನಲ್ಲಿ ಬೀಸಿಸಿ ನಷ್ಟ ಲೆಕ್ಕ ಹಾಕುವ ಪದ್ಧತಿ ಗಟ್ಟಿಯಾಗಿ ಬೇರೂರಿತು. ಈಗ ಆ ಲೆಕ್ಕಗಳು ಹೇಳುವ ಸಂಖ್ಯೆಗಳು ಚೆನ್ನಾಗಿಲ್ಲ. ಪ್ರಕೃತಿ ವಿಕೋಪಗಳಿಂದ ವಿಮಾ ಕಂಪನಿಗಳು ಭರಿಸಬೇಕಾದ ನಷ್ಟ 2020ರಿಂದ 2024ರವರೆಗೆ ಪ್ರತಿ ವರ್ಷವೂ ಜಗತ್ತಿನಲ್ಲಿ 10,000 ಕೋಟಿ ಡಾಲರ್ ದಾಟಿದೆ. ಸುದ್ದಿಯಾಗುವ ದೊಡ್ಡ ಚಂಡಮಾರುತ ಮಾತ್ರ ಅಲ್ಲ. ಆಲಿಕಲ್ಲು ಮಳೆ, ದಿಢೀರ್ ಪ್ರವಾಹ, ಕಾಡ್ಗಿಚ್ಚು ಇವೆಲ್ಲ ಸೇರಿ ದೊಡ್ಡ ಮೊತ್ತವಾಗುತ್ತಿವೆ.

ಎಲ್ಲದಕ್ಕೂ ಹವಾಮಾನವೇ ಕಾರಣ ಅಂದರೆ ಅರ್ಧ ಸತ್ಯ. ಕರಾವಳಿಯಲ್ಲಿ, ನದಿ ಬಯಲಿನಲ್ಲಿ, ಕಾಡಿನ ಅಂಚಿನಲ್ಲಿ ಮೊದಲಿಗಿಂತ ಎಷ್ಟೋ ಜಾಸ್ತಿ ಮನೆಗಳಿವೆ. ಅವು ಮೊದಲಿಗಿಂತ ದುಬಾರಿ ಮನೆಗಳು. ಅದೇ ಗಾಳಿ ಬೀಸಿದರೂ ಈಗ ಕೆಡವಲು ಹೆಚ್ಚು ಸಿಗುತ್ತದೆ.

ಮರುವಿಮೆಯ ಬಹುಪಾಲು ಒಪ್ಪಂದಗಳು ಜನವರಿ 1ಕ್ಕೆ ನವೀಕರಣ ಆಗುತ್ತವೆ. 2022ರ ಸೆಪ್ಟೆಂಬರಿನಲ್ಲಿ ಫ್ಲೋರಿಡಾಕ್ಕೆ ಇಯಾನ್ ಚಂಡಮಾರುತ ಬಂತು. 2023ರ ಜನವರಿಯಲ್ಲಿ ಮರುವಿಮೆಯ ದರ ಜೋರಾಗಿ ಏರಿತು. ನಿಮ್ಮ ವಿಮಾ ಕಂಪನಿ ಆ ದರ ಕಟ್ಟುತ್ತದೆ, ಆಮೇಲೆ ಅದನ್ನು ನಿಮ್ಮ ಕಂತಿಗೆ ಸೇರಿಸುತ್ತದೆ. ಎಲ್ಲೋ ಬೀಸಿದ ಗಾಳಿಯ ಬಿಲ್ಲು ನಮ್ಮ ಬಾಗಿಲಿಗೆ ಬರುವ ದಾರಿ ಇದು.

ಕೆಲವು ಕಡೆ ಕಂತು ಏರುವುದಷ್ಟೇ ಅಲ್ಲ, ವಿಮೆಯೇ ಸಿಗುತ್ತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸ್ಟೇಟ್ ಫಾರ್ಮ್ ಕಂಪನಿ 2023ರ ಮೇ ತಿಂಗಳಲ್ಲಿ ಮನೆ ವಿಮೆಗೆ ಹೊಸ ಅರ್ಜಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಅಲ್ಲಿನ ಅಪಾಯ ಎಷ್ಟು ದೊಡ್ಡದು ಅನ್ನುವುದು ಆಮೇಲೆ ಕಂಡಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಸುತ್ತಮುತ್ತ ಹಬ್ಬಿದ ಕಾಡ್ಗಿಚ್ಚಿನಲ್ಲಿ 16,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು.

ಮುಟ್ಟಬಾರದ್ದು

ನಾನು ಹರಿದು ಹಾಕಿದ ಫಾರಂ ವಿಷಯಕ್ಕೆ ಬರುತ್ತೇನೆ. ವಿಮಾ ಮೊತ್ತವನ್ನು 100ರಿಂದ 60ಕ್ಕೆ ಇಳಿಸುವ ಯೋಚನೆ ನನ್ನದು. ಇಡೀ ಮನೆ ಎಲ್ಲಿ ಸುಡುತ್ತದೆ, ಸುಟ್ಟರೂ ಒಂದು ಕೋಣೆ ತಾನೇ, 60 ಸಾಕಲ್ವಾ ಅಂತ. ಹಲವು ಪಾಲಿಸಿಗಳಲ್ಲಿ ಆವರೇಜ್ ಅನ್ನುವ ಒಂದು ಷರತ್ತು ಇರುತ್ತದೆ. ಮನೆ ಮತ್ತೆ ಕಟ್ಟಲು 100 ಬೇಕು, ನೀವು 60ಕ್ಕೆ ಮಾತ್ರ ವಿಮೆ ಮಾಡಿಸಿದ್ದೀರಿ ಅಂದುಕೊಳ್ಳಿ. ಅಡುಗೆಮನೆಗೆ ಬೆಂಕಿ ಬಿದ್ದು 20ರಷ್ಟು ನಷ್ಟ ಆಯಿತು. 20 ಅನ್ನುವುದು 60ಕ್ಕಿಂತ ಕಡಿಮೆ, ಪೂರ್ತಿ ಬರಬೇಕು ಅಂತ ನಮಗೆ ಅನ್ನಿಸುತ್ತದೆ. ಬರುವುದು 12. ಮನೆಯ 60 ಪಾಲಿಗೆ ಮಾತ್ರ ವಿಮೆ ಇದೆ, ಹಾಗಾಗಿ ಪ್ರತಿ ನಷ್ಟದಲ್ಲೂ 60 ಪಾಲು ಮಾತ್ರ ಅನ್ನುವುದು ಅದರ ಅರ್ಥ. ಪಾಲಿಸಿಯಲ್ಲಿ ಈ ಷರತ್ತನ್ನು ಹುಡುಕಿ ಓದಿ. ದಯವಿಟ್ಟು.

ಇನ್ನೊಂದು ಗೊಂದಲ, ಮಾರುಕಟ್ಟೆ ಬೆಲೆಯದ್ದು. ಮನೆ ಮಾರಿದರೆ ಬರುವ ಹಣದಲ್ಲಿ ಜಾಗದ ಬೆಲೆಯೂ ಇರುತ್ತದೆ. ಜಾಗ ಸುಡುವುದಿಲ್ಲ. ವಿಮೆ ಬೇಕಿರುವುದು ಕಟ್ಟಡವನ್ನು ಮತ್ತೆ ಎಬ್ಬಿಸುವ ಖರ್ಚಿಗೆ. ಜಾಗಕ್ಕೆ ಭಾರಿ ಬೆಲೆ ಇರುವ ಕಡೆ ಮಾರುಕಟ್ಟೆ ಬೆಲೆಗೆ ವಿಮೆ ಮಾಡಿಸಿದ್ದರೆ ನೀವು ಸುಮ್ನೆ ಜಾಸ್ತಿ ಕಟ್ಟುತ್ತಿದ್ದೀರಿ. ಇಲ್ಲಿ ನ್ಯಾಯವಾಗಿಯೇ ಉಳಿಸಬಹುದು. ಜಾಗ ಅಗ್ಗವಾಗಿರುವ ಕಡೆ, ಹಳೇ ಮನೆಗಳಲ್ಲಿ, ಇದೇ ತಿರುಗುಮುರುಗಾಗಿ ವಿಮೆ ಸಾಲದೆ ಹೋಗಬಹುದು. ದೊಡ್ಡ ವಿಕೋಪದ ನಂತರ ಇಡೀ ಊರಿಗೆ ಒಮ್ಮೆಲೇ ಗಾರೆಯವರು, ಮರಗೆಲಸದವರು ಬೇಕಾಗುತ್ತಾರೆ. ಆಗ ಕಟ್ಟುವ ಖರ್ಚು ಇನ್ನಷ್ಟು ಏರುತ್ತದೆ. ಅವಶೇಷ ತೆಗೆಸಲೂ ಹಣ ಬೇಕು.

ವಾಹನದಲ್ಲಿ ಮುಟ್ಟಬಾರದ್ದು ಥರ್ಡ್ ಪಾರ್ಟಿ ರಕ್ಷಣೆ. ಅಂದರೆ ನಮ್ಮಿಂದ ಇನ್ನೊಬ್ಬರಿಗೆ ಆದ ಹಾನಿಗೆ ಇರುವ ವಿಮೆ. ಬಹುತೇಕ ದೇಶಗಳಲ್ಲಿ ಇದು ಕಡ್ಡಾಯ. ನಮ್ಮ ಕಾರು ಎಷ್ಟೇ ಜಖಂ ಆದರೂ ನಷ್ಟಕ್ಕೆ ಒಂದು ಮಿತಿ ಇದೆ, ಅದು ಕಾರಿನ ಬೆಲೆ. ಆದರೆ ನಮ್ಮ ಕಾರು ಒಬ್ಬ ಪಾದಚಾರಿಗೆ ಬಡಿದು ಆತ ಜೀವನಪೂರ್ತಿ ಆರೈಕೆಯಲ್ಲಿ ಇರಬೇಕಾದರೆ, ಆ ನಷ್ಟಕ್ಕೆ ಮೇಲಿನ ಮಿತಿಯೇ ಇಲ್ಲ. ಕಾನೂನು ಕೇಳುವ ಕನಿಷ್ಠ ಮೊತ್ತ ಕೆಲವು ಕಡೆ ತೀರಾ ಕಡಿಮೆ ಇರುತ್ತದೆ. ಅಂಥ ಕಡೆ ಇರುವವರು ಇದನ್ನು ಇಳಿಸುವ ಬದಲು ಏರಿಸುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಕಂತು ಜಾಸ್ತಿಯಾಯಿತು ಅಂತ ಇಂಥ ರಕ್ಷಣೆಯನ್ನು ಬಿಡುವುದು ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಪ್ರವಾಹದ ಬಗ್ಗೆಯೂ ಒಂದು ಮಾತು. ಎಷ್ಟೋ ಕಡೆ ಸಾಮಾನ್ಯ ಮನೆ ವಿಮೆಯಲ್ಲಿ ಪ್ರವಾಹ ಸೇರಿರುವುದಿಲ್ಲ. ಅಮೆರಿಕದಲ್ಲಿ ಇದಕ್ಕಾಗಿಯೇ 1968ರಲ್ಲಿ ಸರ್ಕಾರ ಬೇರೆ ಯೋಜನೆ ತಂದಿತು. ಪೈಪ್ ಒಡೆದು ಬಂದ ನೀರು ಬೇರೆ, ಹೊರಗಿನಿಂದ ನುಗ್ಗಿದ ನೀರು ಬೇರೆ. ನಿಮ್ಮ ಪಾಲಿಸಿ ಯಾವುದಕ್ಕೆ ಕೊಡುತ್ತದೆ ಅಂತ ನೋಡಿಕೊಳ್ಳಿ.

ಕತ್ತರಿಸಬಹುದಾದ್ದು

ದೊಡ್ಡ ಉಳಿತಾಯ ಇರುವುದು ಡಿಡಕ್ಟಿಬಲ್‌ನಲ್ಲಿ. ನಷ್ಟವಾದಾಗ ಮೊದಲ ಇಷ್ಟು ಹಣ ನಾನು ಕೊಡುತ್ತೇನೆ, ಉಳಿದದ್ದು ನೀವು ಕೊಡಿ ಅನ್ನುವ ಒಪ್ಪಂದ ಇದು. ಇದನ್ನು ಏರಿಸಿದರೆ ಕಂತು ಇಳಿಯುತ್ತದೆ. ಎಷ್ಟು ಏರಿಸಬೇಕು ಅನ್ನುವುದಕ್ಕೆ ಒಂದು ಭಾಗಾಕಾರ ಸಾಕು. ಡಿಡಕ್ಟಿಬಲ್ ಅನ್ನು 10,000 ಏರಿಸಿದರೆ ವರ್ಷಕ್ಕೆ 2,000 ಉಳಿಯುತ್ತದೆ ಅಂದುಕೊಳ್ಳಿ. 5 ವರ್ಷ ಕ್ಲೇಮ್ ಇಲ್ಲದಿದ್ದರೆ ಲೆಕ್ಕ ಸಮ, ಆಮೇಲೆ ಎಲ್ಲವೂ ಉಳಿತಾಯ. 500 ಮಾತ್ರ ಉಳಿಯುವುದಾದರೆ ಸಮವಾಗಲು 20 ವರ್ಷ ಬೇಕು. ಅದು ಬೇಡ. ಇನ್ನೊಂದು ವಿಷಯ, ಆ 10,000 ಇವತ್ತೇ ನಿಮ್ಮ ಖಾತೆಯಲ್ಲಿ ಬೇರೆಯಾಗಿ ಇರಬೇಕು. ಅದಿಲ್ಲದೆ ಡಿಡಕ್ಟಿಬಲ್ ಏರಿಸಿದರೆ ಅಪಘಾತದ ದಿನ ಸಾಲ ಮಾಡಬೇಕಾಗುತ್ತದೆ.

ಚಂಡಮಾರುತದ ಪ್ರದೇಶಗಳಲ್ಲಿ ಡಿಡಕ್ಟಿಬಲ್ ಅನ್ನು ಶೇಕಡಾದಲ್ಲಿ ಬರೆದಿರುವುದುಂಟು. ಶೇ. 2 ಅಂದರೆ ಸಣ್ಣದಾಗಿ ಕಾಣುತ್ತದೆ. ಅದು ನಷ್ಟದ ಶೇ. 2 ಅಲ್ಲ, ವಿಮಾ ಮೊತ್ತದ ಶೇ. 2. ಮೊತ್ತ 50 ಲಕ್ಷವಾದರೆ ಮೊದಲ 1 ಲಕ್ಷ ನಿಮ್ಮದೇ.

ಡಿಡಕ್ಟಿಬಲ್ ಏರಿಸಿದ ಮೇಲೆ ಸಣ್ಣ ಕ್ಲೇಮ್‌ಗಳ ಆಸೆ ಬಿಡಬೇಕು. ಬಾಗಿಲಿಗೆ ಗೀರು ಬಿತ್ತು ಅಂತ ಕ್ಲೇಮ್ ಮಾಡಿ, ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ, ವರ್ಷಗಟ್ಟಲೆ ಕೂಡಿಟ್ಟ ನೋ ಕ್ಲೇಮ್ ರಿಯಾಯಿತಿ ಕಳೆದುಕೊಂಡವರನ್ನು ನೋಡಿದ್ದೇನೆ. ಮುಂದಿನ ಮೂರ್ನಾಲ್ಕು ವರ್ಷದಲ್ಲಿ ಕಳೆದುಕೊಳ್ಳುವ ರಿಯಾಯಿತಿ ಮತ್ತು ಇವತ್ತು ಸಿಗುವ ಹಣ, ಎರಡನ್ನೂ ಕಾಗದದ ಮೇಲೆ ಬರೆದು ಹೋಲಿಸಿ. ಆದರೆ ಇನ್ನೊಬ್ಬರಿಗೆ ಪೆಟ್ಟಾಗಿದ್ದರೆ ಈ ಲೆಕ್ಕ ಹಾಕುತ್ತಾ ಕೂರಬೇಡಿ. ಕೂಡಲೇ ಕಂಪನಿಗೆ ತಿಳಿಸಿ.

ತೀರಾ ಹಳೇ ಕಾರಿಗೆ ಸ್ವಂತ ಹಾನಿಯ ವಿಮೆ ಬೇಕಾ ಅಂತಲೂ ಕೇಳಿಕೊಳ್ಳಬೇಕು. ಸಿಗುವ ಗರಿಷ್ಠ ಪರಿಹಾರ ನಾಲ್ಕೈದು ವರ್ಷದ ಕಂತಿನಷ್ಟೇ ಇದ್ದರೆ, ಮತ್ತು ಆ ಕಾರು ಹೋದರೆ ನೀವು ತಡೆದುಕೊಳ್ಳುವ ಹಾಗಿದ್ದರೆ, ಅದನ್ನು ಬಿಡಬಹುದು. ಕಂತನ್ನು ತಿಂಗಳಿಗೊಮ್ಮೆ ಕಟ್ಟುವುದಕ್ಕಿಂತ ವರ್ಷಕ್ಕೊಮ್ಮೆ ಕಟ್ಟುವುದು ಸಾಮಾನ್ಯವಾಗಿ ಅಗ್ಗ. ರಸ್ತೆಯಲ್ಲಿ ಕೆಟ್ಟು ನಿಂತಾಗ ನೆರವು ಕೊಡುವ ಸೇವೆ ಕಾರು ಕಂಪನಿಯಿಂದ ಒಂದು, ಕಾರ್ಡಿನಿಂದ ಒಂದು, ವಿಮೆಯಿಂದ ಒಂದು ಅಂತ ಮೂರು ಕಡೆ ಇರಬಹುದು. ಒಂದು ಸಾಕು.

ನಿಷ್ಠೆಗೆ ಬೆಲೆ ಇದೆಯಾ?

ಅದೇ ಕಂಪನಿಯಲ್ಲಿ ವರ್ಷಾನುಗಟ್ಟಲೆ ಇದ್ದರೆ ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ ನಾವು ನಂಬುತ್ತೇವೆ. ಬ್ರಿಟನ್ನಿನಲ್ಲಿ ತನಿಖೆ ಮಾಡಿದಾಗ ಕಂಡದ್ದು ಬೇರೆ. ಹೊಸಬರಿಗೆ ಅಗ್ಗದ ದರ ಕೊಟ್ಟು, ಹಳಬರ ಕಂತನ್ನು ವರ್ಷ ವರ್ಷ ಸದ್ದಿಲ್ಲದೆ ಏರಿಸುತ್ತಿದ್ದರು. ಬೇರೆ ಕಡೆ ವಿಚಾರಿಸದ ವಯಸ್ಸಾದವರು, ತಾಪತ್ರಯದಲ್ಲಿ ಇರುವವರಿಗೇ ಇದರ ಪೆಟ್ಟು ಜಾಸ್ತಿ. ಅಲ್ಲಿನ ನಿಯಂತ್ರಣ ಸಂಸ್ಥೆ 2022ರ ಜನವರಿ 1ರಿಂದ ಮನೆ ಮತ್ತು ವಾಹನ ವಿಮೆಯಲ್ಲಿ ಇದನ್ನು ನಿಷೇಧಿಸಿತು. ಎಲ್ಲ ದೇಶಗಳಲ್ಲೂ ಇಂಥ ನಿಯಮ ಇಲ್ಲ. ಹಾಗಾಗಿ ನವೀಕರಣಕ್ಕೆ ಒಂದು ತಿಂಗಳು ಮುಂಚೆಯೇ ಮೂರು ನಾಲ್ಕು ಕಡೆ ದರ ಕೇಳಿ. ಕೇಳುವಾಗ ವಿಮಾ ಮೊತ್ತ, ಡಿಡಕ್ಟಿಬಲ್, ಸೇರಿಸದ ಅಪಾಯಗಳು ಎಲ್ಲ ಕಡೆ ಒಂದೇ ಇರಲಿ. ಇಲ್ಲದಿದ್ದರೆ ಕಡಿಮೆ ಕಂತು ಕಂಡದ್ದು ಕಡಿಮೆ ರಕ್ಷಣೆಯೇ ಆಗಿರಬಹುದು.

ಕಂಪನಿಯ ಬಳಿ ಇರುವ ನಿಮ್ಮ ಮಾಹಿತಿಯನ್ನೂ ನೋಡಿ. ಚಾವಣಿ ಹೊಸದು ಹಾಕಿಸಿದ್ದರೂ ದಾಖಲೆಯಲ್ಲಿ ಹಳೇ ವರ್ಷವೇ ಇರಬಹುದು. ಮನೆಯಿಂದ ಕೆಲಸ ಮಾಡುವವರ ಕಾರು ಮೊದಲಿನ ಅರ್ಧದಷ್ಟೂ ಓಡುತ್ತಿರಲಿಕ್ಕಿಲ್ಲ. ಹೇಳಿದರೆ ಕಡಿಮೆಯಾಗುತ್ತದೆ, ಹೇಳದಿದ್ದರೆ ಯಾರೂ ಕೇಳುವುದಿಲ್ಲ. ಸುಳ್ಳು ಮಾತ್ರ ಬೇಡ. ಕಂತು ಉಳಿಸಲು ಹೇಳಿದ ಒಂದು ಸುಳ್ಳು ಕ್ಲೇಮ್ ದಿನ ಇಡೀ ಪಾಲಿಸಿಯನ್ನೇ ರದ್ದು ಮಾಡಬಹುದು.

ಫೋನಿನ ಆಪ್ ಮೂಲಕ ನಮ್ಮ ಚಾಲನೆಯನ್ನು ಗಮನಿಸಿ ರಿಯಾಯಿತಿ ಕೊಡುವ ಟೆಲಿಮ್ಯಾಟಿಕ್ಸ್ ಯೋಜನೆಗಳಿವೆ. ಜೋರಾಗಿ ಬ್ರೇಕ್ ಹಾಕಿದ್ದು, ತಡರಾತ್ರಿ ಓಡಿಸಿದ್ದು ಎಲ್ಲ ಅದರಲ್ಲಿ ದಾಖಲಾಗುತ್ತದೆ. ಕಡಿಮೆ ಓಡಿಸುವವರಿಗೆ ಲಾಭ. ರಾತ್ರಿ ಪಾಳಿಯಲ್ಲಿ ದುಡಿಯುವವರಿಗೆ ಅನ್ಯಾಯವಾಗಬಹುದು. ನಾವು ಎಲ್ಲಿಗೆ, ಯಾವಾಗ ಹೋದೆವು ಅನ್ನುವ ಮಾಹಿತಿ ಕೊಡುತ್ತಿದ್ದೇವೆ ಅನ್ನುವುದು ನೆನಪಿರಲಿ.

ಅಪಾಯವನ್ನೇ ಕಡಿಮೆ ಮಾಡುವುದು

ಬಾರ್ಬನ್ನನ ಕಾಲದ ಇಟ್ಟಿಗೆ ಮನೆಯ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಾಡ್ಗಿಚ್ಚಿನಲ್ಲಿ ಬಹಳಷ್ಟು ಮನೆಗಳಿಗೆ ಬೆಂಕಿ ಹತ್ತುವುದು ಉರಿಯ ಗೋಡೆ ಬಂದು ಬಡಿದು ಅಲ್ಲ, ಗಾಳಿಯಲ್ಲಿ ಹಾರಿ ಬರುವ ಕಿಡಿಗಳಿಂದ. ಗೋಡೆಯ ಸುತ್ತ 1.5 ಮೀಟರ್ ಒಳಗೆ ಒಣಗಿದ ಎಲೆ, ಸೌದೆ, ಪೊದೆ ಏನೂ ಇಲ್ಲದಿದ್ದರೆ, ಗಾಳಿಕಿಂಡಿಗೆ ಸಣ್ಣ ಜಾಲರಿ ಇದ್ದರೆ, ಆ ಕಿಡಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಇಂಥ ಕೆಲಸ ಮಾಡಿದವರಿಗೆ ರಿಯಾಯಿತಿ ಕೊಡಲೇಬೇಕು ಅಂತ ಕ್ಯಾಲಿಫೋರ್ನಿಯಾ 2022ರಲ್ಲಿ ನಿಯಮ ತಂದಿತು. ಪ್ರವಾಹ, ಬಿರುಗಾಳಿ ಇಲ್ಲದ ಕಡೆಯೂ ನೀರಿನ ಸೋರಿಕೆ ಇದ್ದೇ ಇರುತ್ತದೆ. ವಾಷಿಂಗ್ ಮೆಷಿನ್ನಿನ ಹಿಂದಿನ ಹಳೇ ರಬ್ಬರ್ ಪೈಪನ್ನು ಬದಲಿಸಿ. ಊರಿಗೆ ಹೋಗುವಾಗ ನೀರಿನ ಮುಖ್ಯ ವಾಲ್ವ್ ಮುಚ್ಚಿ.

ಖರ್ಚು ಜಾಸ್ತಿ ಇರುವ ಕೆಲಸವಾದರೆ, ಮಾಡಿಸುವ ಮೊದಲೇ ಕಂಪನಿಗೆ ಬರೆದು ಕೇಳಿ. ಇದಕ್ಕೆ ಎಷ್ಟು ರಿಯಾಯಿತಿ, ಯಾವ ದಾಖಲೆ ಬೇಕು ಅನ್ನುವ ಉತ್ತರ ಬರಹದಲ್ಲೇ ಇರಲಿ.

ಯಾರೂ ವಿಮೆ ಕೊಡದ ಸ್ಥಿತಿ ಬಂದರೂ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. ಬ್ರಿಟನ್ನಿನಲ್ಲಿ ಪ್ರವಾಹದ ಅಪಾಯ ಇರುವ ಮನೆಗಳಿಗಾಗಿ 2016ರಲ್ಲಿ ಫ್ಲಡ್ ರೀ ಅನ್ನುವ ಮರುವಿಮೆ ಯೋಜನೆ ಶುರುವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಬೇರೆಲ್ಲೂ ವಿಮೆ ಸಿಗದವರಿಗೆ ಫೇರ್ ಪ್ಲಾನ್ ಇದೆ. ಫೇರ್ ಪ್ಲಾನ್‌ನಂಥ ಕೊನೆಯ ಆಸರೆಯ ಯೋಜನೆಗಳಲ್ಲಿ ರಕ್ಷಣೆ ಕಡಿಮೆ, ದರ ಜಾಸ್ತಿ ಇರುವುದುಂಟು. ಆದರೂ ಏನೂ ಇಲ್ಲದೆ ಒಂದು ಮಳೆಗಾಲ ಅಥವಾ ಒಂದು ಬೇಸಿಗೆ ಕಳೆಯುವುದಕ್ಕಿಂತ ಅದು ಮೇಲು.

ಈ ಸಲ ನನ್ನ ನವೀಕರಣ ಹೀಗಾಯಿತು. ವಿಮಾ ಮೊತ್ತವನ್ನು ಇಳಿಸುವ ಬದಲು, ಮತ್ತೆ ಕಟ್ಟುವ ಖರ್ಚು ವಿಚಾರಿಸಿ ಸ್ವಲ್ಪ ಏರಿಸಿದೆ. ಎರಡೂ ಪಾಲಿಸಿಗಳ ಡಿಡಕ್ಟಿಬಲ್ ದುಪ್ಪಟ್ಟು ಮಾಡಿ, ಅಷ್ಟು ಹಣವನ್ನು ಬೇರೆ ಖಾತೆಗೆ ಹಾಕಿಟ್ಟೆ. ಕಾರು ಓಡುವ ದೂರವನ್ನು ಸರಿಪಡಿಸಿದೆ. ಕಂತು ಹೋದ ವರ್ಷದ ಮಟ್ಟಕ್ಕೆ ಇಳಿಯಲಿಲ್ಲ, ಏರಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ತಗ್ಗಿತು. ಆಮೇಲೆ ಒಂದು ಸಂಜೆ ಫೋನ್ ಹಿಡಿದು ಕೋಣೆ ಕೋಣೆಗೂ ಹೋಗಿ ವಿಡಿಯೋ ಮಾಡಿದೆ. ಬೀರುವಿನ ಬಾಗಿಲು ತೆಗೆದು, ಟಿವಿ ಹಿಂದಿನ ಸೀರಿಯಲ್ ನಂಬರಿನ ಚೀಟಿಯನ್ನೂ ಬಿಡದೆ ತೋರಿಸಿದೆ. ಹತ್ತು ನಿಮಿಷದ ಕೆಲಸ. ಆ ವಿಡಿಯೋದ ಒಂದು ಪ್ರತಿಯನ್ನು ಮನೆಯ ಹೊರಗೆ, ತಂಗಿಯ ಬಳಿ ಇಟ್ಟಿದ್ದೇನೆ.